ಐದು ಪೈನ್ ಮರಗಳ ಮುಂದೆ ನಿಂತ ಟ್ಯಾಂಕುಗಳು

ಕಾರವಾರದ ಟಾಗೋರ್ ಕಡಲತೀರಕ್ಕೆ ಬಂದವರು ಐಎನ್‌ಎಸ್ ಚಾಪಲ್ ನೌಕೆಯ ಮ್ಯೂಸಿಯಂ ನೋಡದೆ ಹೋಗುವುದು ಕಡಿಮೆ. ಅದರ ಹತ್ತಿರವೇ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. 2006ರಲ್ಲಿ ಅನಾವರಣವಾದದ್ದು. ರಾಣೆ ಇಲ್ಲಿಯದೇ ಚೆಂಡಿಯಾ ಊರಿನವರು, 1918ರ ಜೂನ್ 26ರಂದು ಹುಟ್ಟಿದವರು, ಪರಮವೀರ ಚಕ್ರ ಪಡೆದವರು. ಆ ಪದಕ ಯಾಕೆ ಬಂತು ಎಂದು ಕೇಳಿದರೆ ‘ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು’ ಎಂಬ ಉತ್ತರ ಸಿಗುತ್ತದೆ. ಉತ್ತರ ಸರಿಯೇ. ಆದರೆ ಕೇಳಿದವರಿಗೆ ಒಳಗೊಳಗೇ ಒಂದು ಅನುಮಾನ ಉಳಿಯುತ್ತದೆ. ಬಂಕರಿಗೆ ನುಗ್ಗಿದವರಿಗೆ ಪದಕ ಕೊಟ್ಟರೆ ಅರ್ಥವಾಗುತ್ತದೆ. ರಸ್ತೆ ಬಿಡಿಸಿದ್ದಕ್ಕೆ ದೇಶದ ಅತಿ ದೊಡ್ಡ ಶೌರ್ಯ ಪದಕವೇ?

ಇದಕ್ಕೆ ಉತ್ತರ ಬೇಕಾದರೆ ಟ್ಯಾಂಕುಗಳ ನೆರವಿನಿಂದ ಕಾಲಾಳು ಸೈನಿಕರು ಒಂದು ಭದ್ರ ಊರನ್ನೋ ಗುಡ್ಡವನ್ನೋ ಹೇಗೆ ಹಿಡಿಯುತ್ತಾರೆ ಎಂದು ಗೊತ್ತಿರಬೇಕು. ಸಿನಿಮಾದಲ್ಲಿ ಇದು ಸುಲಭ. ಟ್ಯಾಂಕ್ ಗುಂಡು ಹಾರಿಸುತ್ತದೆ, ಗೋಡೆ ಬೀಳುತ್ತದೆ, ಸೈನಿಕರು ಕೂಗುತ್ತಾ ಓಡುತ್ತಾರೆ. ನಿಜವಾದ ಯುದ್ಧದಲ್ಲಿ ಹೊತ್ತೆಲ್ಲ ಹೋಗುವುದು ಓಟಕ್ಕಲ್ಲ, ಕಾಯುವುದಕ್ಕೆ. ಯಾರೋ ಒಬ್ಬರು ಮುಂದಿನ ಮುನ್ನೂರು ಗಜ ಬಿಡಿಸಿಕೊಡಲಿ ಎಂದು ಉಳಿದವರೆಲ್ಲ ಕಾಯುತ್ತಾರೆ.

ಮೊದಲು ರಕ್ಷಣೆಗೆ ಕೂತವರ ಕಡೆಯಿಂದ ನೋಡೋಣ. ಒಂದು ಊರನ್ನು ಕೋಟೆ ಮಾಡಿಕೊಳ್ಳುವುದಕ್ಕೆ ಕೋಟೆಗೋಡೆ ಬೇಕಿಲ್ಲ. ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ ಇರುವ ಮನೆಗಳು ಒತ್ತಾಗಿ ಇದ್ದರೆ ಸಾಕು. ನಮ್ಮ ಕಡೆಯ ಹಾಗೆ ತೋಟಕ್ಕೊಂದು ಮನೆ ಚದುರಿಕೊಂಡಿದ್ದರೆ ಈ ಕೆಲಸ ಕಷ್ಟ. ಪಂಜಾಬಿನ ಗಡಿಯ ಹಳ್ಳಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಸುತ್ತ ಬಯಲು ಗದ್ದೆ ಇರುತ್ತದೆ. ಗೋಡೆಯ ಬುಡದಲ್ಲಿ ಸಣ್ಣ ಕಿಂಡಿ ಕೊರೆದು ಒಳಗೆ ಮರಳುಚೀಲ ಪೇರಿಸಿ ಮೆಷಿನ್ ಗನ್ ಇಡುತ್ತಾರೆ. ಒಳಗೋಡೆಗಳನ್ನು ಒಡೆದು ಮನೆಯಿಂದ ಮನೆಗೆ ಓಡಾಡುವ ದಾರಿ ಮಾಡಿಕೊಳ್ಳುತ್ತಾರೆ. ಊರ ಮುಂದೆ ಕಂದಕ, ಅದರ ಮುಂದೆ ಮುಳ್ಳುತಂತಿ, ಅದರ ಮುಂದೆ ನೆಲಬಾಂಬ್.

ಮೆಷಿನ್ ಗನ್ನನ್ನು ಎಲ್ಲಿ ಇಡುತ್ತಾರೆ ಎಂಬುದರಲ್ಲಿ ದೊಡ್ಡ ಮರ್ಮ ಇದೆ. ಬರುವವರ ಎದೆಗೆ ನೇರವಾಗಿ ಗುರಿ ಇಡುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಜಾಣ ರಕ್ಷಕ ಅದನ್ನು ಪಕ್ಕದಲ್ಲಿ ಇಡುತ್ತಾನೆ. ಸಾಲಾಗಿ ಬರುವ ಸೈನಿಕರ ಸಾಲಿನ ಉದ್ದಕ್ಕೂ ಗುಂಡು ಹೋಗುವ ಹಾಗೆ. ಎದುರಿನಿಂದ ಹಾರಿಸಿದ ಗುಂಡು ಒಬ್ಬನಿಗೆ ತಗಲಿದರೆ ತಗಲಿತು, ಇಲ್ಲದಿದ್ದರೆ ಇಲ್ಲ. ಪಕ್ಕದಿಂದ ಹಾರಿಸಿದ ಗುಂಡು ಒಬ್ಬನನ್ನು ತಪ್ಪಿದರೆ ಇನ್ನೊಬ್ಬನಿಗೆ ತಗಲುತ್ತದೆ. ಜೊತೆಗೆ ಆ ಕಿಂಡಿ ಮುಂದಿನಿಂದ ಬರುವವರಿಗೆ ಕಾಣುವುದೇ ಇಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಮುಳ್ಳುತಂತಿಯಾಗಲಿ ನೆಲಬಾಂಬ್ ಆಗಲಿ ತನ್ನಷ್ಟಕ್ಕೆ ಯಾರನ್ನೂ ಬಹಳ ಹೊತ್ತು ತಡೆಯುವುದಿಲ್ಲ. ಸಮಯ ಕೊಟ್ಟರೆ ಯಾರಾದರೂ ಅದನ್ನು ತೆಗೆಯಬಹುದು. ಆ ಸಮಯ ಸಿಗದ ಹಾಗೆ ಮಾಡುವುದೇ ರಕ್ಷಕನ ಕೆಲಸ. ಅಡ್ಡಿಯ ಮೇಲೆ ಸದಾ ಒಂದು ಮೆಷಿನ್ ಗನ್ನಿನ ಕಣ್ಣು ಇರುತ್ತದೆ. ಶೆಲ್ಲನ್ನು ಮೇಲಕ್ಕೆ ಹಾರಿಸಿ ಬೀಳಿಸುವ ಸಣ್ಣ ತೋಪುಗಳು, ಅಂದರೆ ಮಾರ್ಟರ್‌ಗಳು, ಮುಂಚೆಯೇ ಆ ಜಾಗಕ್ಕೆ ಅಳತೆ ಹಾಕಿಕೊಂಡು ಕೂತಿರುತ್ತವೆ. ಅಡ್ಡಿ ಬಿಡಿಸಲು ಬಗ್ಗಿದವನ ಮೇಲೆ ಗುಂಡು ಬೀಳುತ್ತದೆ. ಅಡ್ಡಿ ಮತ್ತು ಗುಂಡು ಜೊತೆಯಾದಾಗಲೇ ಅದು ನಿಜವಾದ ಗೋಡೆ.

ಕಾಲಾಳು ಸೈನಿಕರು ಇದರ ಮುಂದೆ ಒಬ್ಬರೇ ಹೋದರೆ ಏನಾಗುತ್ತದೆ ಎಂಬುದನ್ನು ಮೊದಲ ಮಹಾಯುದ್ಧ ಲಕ್ಷಾಂತರ ಜೀವ ತೆತ್ತು ತೋರಿಸಿತು. ಟ್ಯಾಂಕ್ ಹುಟ್ಟಿದ್ದೇ ಅದಕ್ಕೆ ಉತ್ತರವಾಗಿ. ಮೆಷಿನ್ ಗನ್ನಿನ ಗುಂಡು ಅದರ ಉಕ್ಕಿಗೆ ತಾಗುವುದಿಲ್ಲ. ಮುಳ್ಳುತಂತಿಯನ್ನು ತುಳಿದುಕೊಂಡು ಹೋಗುತ್ತದೆ. ಕಿಂಡಿಯನ್ನು ಗುರುತಿಸಿ ನೇರವಾಗಿ ಅದರೊಳಕ್ಕೇ ಶೆಲ್ ಹಾಕಬಲ್ಲದು. ದೂರದ ಫಿರಂಗಿಗೆ ಅಷ್ಟು ನಿಖರತೆ ಬರುವುದಿಲ್ಲ.

ಹಾಗಾದರೆ ಟ್ಯಾಂಕುಗಳನ್ನೇ ಕಳಿಸಿದರೆ ಸಾಕಲ್ವಾ? ಸಾಕಾಗುವುದಿಲ್ಲ. ಟ್ಯಾಂಕಿಗೆ ಕಣ್ಣು ಕಡಿಮೆ. ಗುಂಡು ಬೀಳುವಾಗ ಮೇಲಿನ ಮುಚ್ಚಳ ಹಾಕಿಕೊಂಡರೆ ಒಳಗಿನವರಿಗೆ ಕಾಣುವುದು ಸಣ್ಣ ಸೀಳುಗಳ ಮೂಲಕ ಮಾತ್ರ. ಎಂಜಿನ್ನಿನ ಗದ್ದಲದಲ್ಲಿ ಹೊರಗಿನ ಸದ್ದು ಕೇಳುವುದಿಲ್ಲ. ಪಕ್ಕದ ಗುಂಡಿಯಲ್ಲಿ ಅಡಗಿದವನನ್ನು ಹೊಡೆಯುವಷ್ಟು ತೋಪು ಕೆಳಗೆ ಬಾಗುವುದಿಲ್ಲ. ಮಾಳಿಗೆಯ ಮೇಲಿದ್ದವನಿಗೆ ತಾಗುವಷ್ಟು ಮೇಲಕ್ಕೂ ಏಳುವುದಿಲ್ಲ. ಬಯಲಿನಲ್ಲಿ ರಾಜ, ಓಣಿಯಲ್ಲಿ ಕುರುಡ.

1917ರ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೇ ಬಳಿ ಬ್ರಿಟಿಷರು ನೂರಾರು ಟ್ಯಾಂಕುಗಳನ್ನು ಒಟ್ಟಿಗೆ ನುಗ್ಗಿಸಿದರು. ಬಹಳ ಕಡೆ ದಾಳಿ ಅದ್ಭುತವಾಗಿ ಗೆದ್ದಿತು. ಫ್ಲೆಸ್ಕಿಯೇರ್ ಎಂಬ ಹಳ್ಳಿಯ ಮುಂದೆ ಮಾತ್ರ ಕೆಟ್ಟಿತು. ಅಲ್ಲಿ ಕಾಲಾಳು ಪಡೆ ಟ್ಯಾಂಕುಗಳಿಂದ ತುಂಬ ಹಿಂದೆ ಉಳಿಯಿತು. ಟ್ಯಾಂಕುಗಳು ಏರು ಹತ್ತಿ ಬರುತ್ತಿದ್ದಂತೆ ಜರ್ಮನ್ನರ ಫಿರಂಗಿಗಳು ಒಂದೊಂದನ್ನೇ ಹೊಡೆದವು. ಆ ಫಿರಂಗಿಗಳನ್ನು ಮುಗಿಸಬೇಕಿದ್ದವರು ಕಾಲಾಳುಗಳು, ಅವರು ಜೊತೆಗಿರಲಿಲ್ಲ. ಕಾಲಾಳುಗಳನ್ನು ಮುಳ್ಳುತಂತಿ ದಾಟಿಸಬೇಕಿದ್ದವು ಟ್ಯಾಂಕುಗಳು, ಅವು ಉರಿಯುತ್ತಿದ್ದವು. ಒಂದೇ ಹಳ್ಳಿಯ ಮುಂದೆ ಇಬ್ಬರೂ ಬೇರೆ ಬೇರೆಯಾಗಿ ಸೋತರು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳಿಗೆ ಆದದ್ದೂ ಹೆಚ್ಚುಕಡಿಮೆ ಇದೇ. ನೀರು ಬಿಟ್ಟು ಕೆಸರಾದ ಗದ್ದೆ, ಕಬ್ಬಿನ ಮರೆಯಲ್ಲಿ ಕಾದು ಕೂತ ನಮ್ಮ ತೋಪುಗಳು, ಮುಂದೆ ಹುಡುಕಿಕೊಡಲು ಕಾಲಾಳುಗಳಿಲ್ಲದ ಟ್ಯಾಂಕುಗಳು.

ಆದ್ದರಿಂದ ಒಪ್ಪಂದ ಹೀಗೆ. ಟ್ಯಾಂಕನ್ನು ಕೊಲ್ಲಬಲ್ಲ ಮನುಷ್ಯನಿಂದ ಕಾಲಾಳು ಟ್ಯಾಂಕನ್ನು ಕಾಯುತ್ತಾನೆ. ಕಾಲಾಳುವನ್ನು ಕೊಲ್ಲಬಲ್ಲ ಮೆಷಿನ್ ಗನ್ನಿನಿಂದ ಟ್ಯಾಂಕ್ ಅವನನ್ನು ಕಾಯುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬುದು ನೆಲದ ಮೇಲೆ ನಿಂತಿದೆ. ಬಯಲಾದರೆ ಟ್ಯಾಂಕ್ ಮುಂದೆ ಹೋಗಬಹುದು. ಓಣಿ, ಕಾಡು, ಮರಗಳ ತೋಪು ಬಂದರೆ ಕಾಲಾಳು ಮುಂದೆ. ಇನ್ನೊಂದು ದಾರಿ ನನಗೆ ಎಲ್ಲಕ್ಕಿಂತ ಜಾಣತನದ್ದು ಎನಿಸುತ್ತದೆ. ಟ್ಯಾಂಕುಗಳು ಒಂದು ಮಗ್ಗುಲಲ್ಲಿ ದೂರ ನಿಂತು ಊರಿನ ಮೇಲೆ ಗುಂಡು ಹಾಕುತ್ತಿರುತ್ತವೆ, ಕಾಲಾಳುಗಳು ಬೇರೆ ಮಗ್ಗುಲಿನಿಂದ ಒಳಗೆ ನುಗ್ಗುತ್ತಾರೆ. ಹೀಗೆ ಮಾಡಿದರೆ ನಮ್ಮ ಟ್ಯಾಂಕಿನ ಗುಂಡಿಗೆ ನಮ್ಮವರೇ ಅಡ್ಡ ಬರುವುದಿಲ್ಲ, ಕೊನೆಯ ಗಳಿಗೆಯವರೆಗೂ ಶತ್ರು ತಲೆ ಎತ್ತುವಂತಿಲ್ಲ.

ಆ ಕೊನೆಯ ಗಳಿಗೆಯೇ ಎಲ್ಲದರ ಜೀವಾಳ. ಫಿರಂಗಿಯ ಶೆಲ್ ಬೀಳುವಷ್ಟು ಹೊತ್ತು ರಕ್ಷಕ ಕೆಳಗೆ ಅವಿತಿರುತ್ತಾನೆ. ನಮ್ಮವರು ಹತ್ತಿರವಾದಾಗ ಫಿರಂಗಿ ನಿಲ್ಲಿಸಲೇಬೇಕು. ನಿಂತ ಕೂಡಲೇ ರಕ್ಷಕ ಎದ್ದು ಮೆಷಿನ್ ಗನ್ ಹಿಡಿಯುತ್ತಾನೆ. ನಮ್ಮವರು ಅವನಿಗಿಂತ ಮೊದಲು ಕಿಂಡಿ ತಲುಪಬೇಕು. ಈ ಅಂತರ ಅರ್ಧ ನಿಮಿಷವಾದರೆ ಗೆಲುವು, ಮೂರು ನಿಮಿಷವಾದರೆ ಹೆಣಗಳ ಸಾಲು. ಆ ಅಂತರವನ್ನು ತುಂಬುವುದಕ್ಕೆ ಟ್ಯಾಂಕ್ ಬೇಕು, ಯಾಕೆಂದರೆ ಅದು ನಮ್ಮವರ ಪಕ್ಕದಲ್ಲೇ ನಿಂತು ಕಣ್ಣಿಗೆ ಕಂಡದ್ದನ್ನು ಹೊಡೆಯಬಲ್ಲದು. ಫಿರಂಗಿ ನಿಂತ ಮೇಲೂ ಅದು ನಿಲ್ಲಿಸಬೇಕಾಗಿಲ್ಲ.

ಈಗ ಮೂಲ ಪ್ರಶ್ನೆಗೆ ಬರಬಹುದು. ಟ್ಯಾಂಕ್ ಅಲ್ಲಿಗೆ ತಲುಪಬೇಕಲ್ಲ?

ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ನಡೆದ ಮೊದಲ ಯುದ್ಧದಲ್ಲಿ, 1948ರ ಮಾರ್ಚ್ 18ರಂದು, ನಮ್ಮ ಸೈನ್ಯ ಜಮ್ಮು ಕಡೆಯ ಝಂಗರ್ ಊರನ್ನು ಮರಳಿ ಹಿಡಿಯಿತು. ಮುಂದಿನ ಗುರಿ ರಜೌರಿ. ನೌಶೇರಾದಿಂದ ರಜೌರಿಗೆ ಹೋಗುವ ರಸ್ತೆ ಗುಡ್ಡಗಳ ಸೊಂಟ ಬಳಸಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ದೇವಿಮನೆ ಘಾಟಿಯಲ್ಲಿ ಒಂದೇ ಒಂದು ಮರ ಬಿದ್ದರೆ ಶಿರಸಿ ಬಸ್ಸೂ ಕುಮಟಾ ಬಸ್ಸೂ ಎರಡೂ ಕಡೆ ನಿಂತುಬಿಡುವುದನ್ನು ನೋಡಿದವರಿಗೆ ಈ ರಸ್ತೆಯ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ಧರೆ, ಒಂದು ಕಡೆ ಕಮರಿ. ಬಯಲಿನಲ್ಲಿ ಟ್ಯಾಂಕ್ ಅಡ್ಡಿಯನ್ನು ಸುತ್ತಿಕೊಂಡು ಹೋಗುತ್ತದೆ. ಇಲ್ಲಿ ಸುತ್ತಲು ಜಾಗವೇ ಇಲ್ಲ. ಮುಂದಿನ ಟ್ಯಾಂಕ್ ಕೆಟ್ಟರೆ ಹಿಂದಿನ ಎಲ್ಲವೂ ನಿಂತ ಹಾಗೆ.

ನೆಲಬಾಂಬಿನ ಉಪಯೋಗ ಇಲ್ಲಿಯೇ. ಟ್ಯಾಂಕ್ ವಿರೋಧಿ ನೆಲಬಾಂಬ್ ಟ್ಯಾಂಕನ್ನು ಪೂರ್ತಿ ಸುಡಬೇಕೆಂದೇನಿಲ್ಲ, ಅದರ ಚಕ್ರಗಳನ್ನು ಸುತ್ತಿದ ಉಕ್ಕಿನ ಪಟ್ಟಿಯನ್ನು ಕತ್ತರಿಸಿದರೆ ಸಾಕು. ಪಟ್ಟಿ ಹೋದ ಟ್ಯಾಂಕ್ ಶತ್ರುವಿಗೆ ಬಿಟ್ಟಿ ಸಿಕ್ಕ ಅಡ್ಡಗಟ್ಟೆ. ದೊಡ್ಡ ಭಾರ ಬಿದ್ದರೆ ಮಾತ್ರ ಸಿಡಿಯುವ ಹಾಗೆ ಅದನ್ನು ಮಾಡಿರುತ್ತಾರೆ, ಮನುಷ್ಯನ ಹೆಜ್ಜೆಗೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಹಾಗೆಂದು ಧೈರ್ಯವಾಗಿ ಹೋಗಿ ಎತ್ತುವಂತೆಯೂ ಇಲ್ಲ. ಅದರ ಸುತ್ತ ಮನುಷ್ಯನಿಗೆಂದೇ ಮಾಡಿದ ಸಣ್ಣ ಬಾಂಬ್‌ಗಳನ್ನು ಹುಗಿದಿಡುತ್ತಾರೆ, ಎತ್ತಿದರೆ ಸಿಡಿಯುವ ಕುತಂತ್ರ ಕಟ್ಟಿರುತ್ತಾರೆ.

ತೆಗೆಯುವ ಕೆಲಸ ಸೇನೆಯ ಎಂಜಿನಿಯರ್‌ಗಳದ್ದು, ಅಂದರೆ ಸ್ಯಾಪರ್‌ಗಳದ್ದು. ಲೋಹ ಪತ್ತೆ ಮಾಡುವ ಯಂತ್ರ ಇತ್ತು. ಆದರೆ ಶೆಲ್ ಬಿದ್ದ ನೆಲದಲ್ಲಿ ಎಲ್ಲೆಲ್ಲೂ ಕಬ್ಬಿಣದ ಚೂರು, ಯಂತ್ರ ಎಲ್ಲಕ್ಕೂ ಕೂಗುತ್ತದೆ. ಮರದ ಪೆಟ್ಟಿಗೆಯ ಬಾಂಬಿಗೆ ಕೂಗುವುದೇ ಇಲ್ಲ. ಕೊನೆಗೆ ನಂಬುವುದು ಕೈಯನ್ನೇ. ಸ್ಯಾಪರ್ ಮಲಗಿಕೊಂಡು ಬಂದೂಕಿನ ತುದಿಯ ಚೂರಿಯನ್ನು, ಅಂದರೆ ಬಯೋನೆಟ್ಟನ್ನು, ಓರೆಯಾಗಿ, ಮೆಲ್ಲಗೆ, ಮಣ್ಣಿಗೆ ಚುಚ್ಚುತ್ತಾನೆ. ನೇರ ಚುಚ್ಚಿದರೆ ಬಾಂಬಿನ ತಲೆಯ ಮೇಲೇ ಒತ್ತು ಬೀಳುತ್ತದೆ. ಓರೆಯಾದರೆ ಅದರ ಪಕ್ಕೆಗೆ ತಾಗುತ್ತದೆ. ಗಟ್ಟಿಯಾಗಿ ಏನೋ ತಾಗಿದರೆ ಕೈಯಿಂದ ಮಣ್ಣು ಬಿಡಿಸಬೇಕು. ಆಮೇಲೆ ಒಂದು ಗೇಣು ಮುಂದಕ್ಕೆ. ಬಿಡಿಸಿದ ಜಾಗಕ್ಕೆ ಬಿಳಿ ಪಟ್ಟಿ ಎಳೆಯುತ್ತಾ ಹೋಗಬೇಕು. ಇದನ್ನೆಲ್ಲ ಅವಸರದಲ್ಲಿ ಮಾಡಲು ಬರುವುದಿಲ್ಲ. ಅವಸರ ಮಾತ್ರ ಹಿಂದೆ ನಿಂತ ಎಲ್ಲರಿಗೂ ಇರುತ್ತದೆ.

ಏಪ್ರಿಲ್ 8ರಂದು ಈ ಕೆಲಸ 37ನೇ ಫೀಲ್ಡ್ ಕಂಪನಿಯ ಸೆಕೆಂಡ್ ಲೆಫ್ಟಿನೆಂಟ್ ರಾಣೆಯವರ ತಂಡಕ್ಕೆ ಬಂತು. ಪದವಿ ನೋಡಿದರೆ ಹೊಸ ಹುಡುಗ ಅನ್ನಬೇಕು. ಅಧಿಕಾರಿಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಆದರೆ ವಯಸ್ಸು 29, ಬಾಂಬೆ ಸ್ಯಾಪರ್ಸ್ ಸೇರಿದ್ದು 1940ರಲ್ಲಿ. ಬರ್ಮಾದಲ್ಲಿ ಜಪಾನೀಯರ ಎದುರು ಯುದ್ಧ ಮಾಡಿ ಬಂದವರು. ಕೈಯಿಂದ ಕೆಲಸ ಮಾಡಿ ಮೇಲೆ ಬಂದ ಅಧಿಕಾರಿ. ಮುಂದಿನ ನಾಲ್ಕು ದಿನಗಳಲ್ಲಿ ಅದು ಎದ್ದು ಕಾಣುತ್ತದೆ.

ಅವರ ಪದಕದ ಅಧಿಕೃತ ವಿವರಣೆಯಲ್ಲಿ ಗಂಟೆ ಗಂಟೆಯ ಲೆಕ್ಕ ಇದೆ. ಶೌರ್ಯದ ವಿಶೇಷಣಗಳನ್ನು ಬದಿಗಿಟ್ಟು ಬರೀ ಆ ಗಂಟೆಗಳನ್ನು ಓದಿದರೆ ಇಡೀ ಯುದ್ಧ ಅರ್ಥವಾಗುತ್ತದೆ.

8ರ ಬೆಳಗ್ಗೆ 11. ರಸ್ತೆಯ 26ನೇ ಮೈಲಿಯ ಹತ್ತಿರ ತಂಡ ಟ್ಯಾಂಕುಗಳ ಪಕ್ಕ ಕಾಯುತ್ತಿದೆ. ಮಾರ್ಟರ್ ದಾಳಿ ಶುರುವಾಗುತ್ತದೆ. ತಂಡದ ಇಬ್ಬರು ಸಾಯುತ್ತಾರೆ, ರಾಣೆಯೂ ಸೇರಿ ಐವರಿಗೆ ಗಾಯ. ಕೆಲಸ ಶುರುವಾಗುವ ಮೊದಲೇ ಇದಾಯಿತು. ನೆಲಬಾಂಬ್ ತೆಗೆಯುವವರು ಎಲ್ಲಿ ನಿಲ್ಲುತ್ತಾರೆ ಎಂದು ಶತ್ರುವಿಗೆ ಅಂದಾಜಿತ್ತು, ಅಳತೆ ಹಾಕಿಕೊಂಡೇ ಕೂತಿದ್ದ. ರಾಣೆ ಉಳಿದವರನ್ನು ಮತ್ತೆ ಒಟ್ಟುಮಾಡಿ ಕೆಲಸ ಹಚ್ಚುತ್ತಾರೆ. ಟ್ಯಾಂಕುಗಳು ಗುಂಡು ಹಾರಿಸಬಲ್ಲ ಜಾಗಕ್ಕೆ ಬರುತ್ತವೆ. ಸಂಜೆ ನಾಲ್ಕೂವರೆ ಹೊತ್ತಿಗೆ ಡೋಗ್ರಾ ರೆಜಿಮೆಂಟಿನವರು ಬರ್ವಾಲಿ ಗುಡ್ಡಸಾಲು ಹಿಡಿಯುತ್ತಾರೆ. ಕಾಲಾಳು ಗುಡ್ಡ ಹತ್ತಿದ, ಟ್ಯಾಂಕ್ ಕಿಂಡಿ ಹೊಡೆಯಿತು, ಟ್ಯಾಂಕಿಗೆ ಸ್ಯಾಪರ್ ದಾರಿ ಕೊಟ್ಟ. ಮೂವರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿದ್ದರು.

ಗುಡ್ಡ ಸಿಕ್ಕಿತು, ಉಳಿದವರು ಉಸಿರು ಬಿಡಬಹುದು. ಸ್ಯಾಪರ್‌ಗಳಿಗೆ ಆ ಭಾಗ್ಯ ಇಲ್ಲ. ಅಂದು ರಾತ್ರಿ ಹತ್ತರವರೆಗೆ, ಮರುದಿನ ಬೆಳಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ, ಟ್ಯಾಂಕುಗಳಿಗಾಗಿ ಬಳಸುದಾರಿ ಕಡಿಯುತ್ತಾರೆ. ಮೆಷಿನ್ ಗನ್ನಿನ ಗುಂಡು ಬೀಳುತ್ತಲೇ ಇತ್ತು. ಆಮೇಲೆ ಸಾಲಿನ ಎಲ್ಲಕ್ಕಿಂತ ಮುಂದಿನ ವಾಹನದಲ್ಲಿ ರಾಣೆ ಕೂರುತ್ತಾರೆ. ಅರ್ಧ ಮೈಲಿಗೆ ಪೈನ್ ಮರಗಳು ಅಡ್ಡ. ಇಳಿದು ಸ್ಫೋಟಕ ಕಟ್ಟಿ ಹಾರಿಸುತ್ತಾರೆ. ಮುನ್ನೂರು ಗಜಕ್ಕೆ ಮತ್ತೆ ಅದೇ. ಐದು ಗಂಟೆ ಸುಮಾರಿಗೆ ಒಡೆದ ಮೋರಿ. ಅಲ್ಲಿಯೂ ಬಳಸುದಾರಿ. ಆರೂಕಾಲಕ್ಕೆ ಐದು ದೊಡ್ಡ ಪೈನ್ ಮರಗಳ ಅಡ್ಡಗಟ್ಟೆ. ಸುತ್ತ ನೆಲಬಾಂಬ್, ಮೇಲೆ ಮೆಷಿನ್ ಗನ್ನಿನ ಕಾವಲು. ರಾಣೆ ಬಾಂಬ್ ತೆಗೆಯಲು ಶುರು ಮಾಡುತ್ತಾರೆ. ಅಷ್ಟರಲ್ಲಿ ಟ್ಯಾಂಕ್ ಸಾಲಿನ ಕಮಾಂಡರ್ ಬೇಡ ಎಂದು ಸಾಲನ್ನು ಹಿಂದಕ್ಕೆ ಕರೆದು ರಾತ್ರಿಗೆ ತಂಗಿಸುತ್ತಾರೆ.

ಈ ನಿರ್ಧಾರ ನನಗೆ ಬಹಳ ಮೆಚ್ಚುಗೆ. ಅಡ್ಡಗಟ್ಟೆ ಹಿಂದಿನವುಗಳ ಹಾಗೇ ಮರದ್ದು, ಬಿಡಿಸುವ ಮನುಷ್ಯನೂ ಅವನೇ. ಬದಲಾಗಿದ್ದು ಬೆಳಕು. ಆ ಕಾಲದ ನಮ್ಮ ಟ್ಯಾಂಕುಗಳಿಗೆ ಕತ್ತಲಲ್ಲಿ ನೋಡುವ ಸಾಧನ ಇರಲಿಲ್ಲ. ಮೆಷಿನ್ ಗನ್ ಎಲ್ಲಿದೆ ಎಂದು ಟ್ಯಾಂಕಿಗೆ ಕಾಣದಿದ್ದರೆ ಸ್ಯಾಪರಿಗೆ ರಕ್ಷಣೆ ಇಲ್ಲ. ರಾತ್ರಿ ರಸ್ತೆಯಲ್ಲಿ ಸಾಲಾಗಿ ನಿಂತ ಟ್ಯಾಂಕುಗಳಿಗಂತೂ ಯಾರ ರಕ್ಷಣೆಯೂ ಇಲ್ಲ. 10ರ ಬೆಳಗಿನ ಜಾವ 4.45ಕ್ಕೆ ರಾಣೆ ಮತ್ತೆ ಅದೇ ಮರಗಳ ಹತ್ತಿರ ಹೋದರು. ಗುಂಡು ಆಗಲೂ ಬೀಳುತ್ತಿತ್ತು. ಈ ಸಲ ಮಾತ್ರ ಟ್ಯಾಂಕುಗಳ ಒಂದು ತುಕಡಿ ಅವರಿಗೆಂದೇ ಬೆಂಬಲ ಕೊಡುತ್ತಿತ್ತು. ಆರೂವರೆಗೆ ದಾರಿ ತೆರೆದಿತ್ತು. ಮುಂದಿನ ಸಾವಿರ ಗಜದ ತುಂಬ ಅಡ್ಡಗಟ್ಟೆ, ಕುಸಿದ ಧರೆ. ಅದೂ ಹತ್ತೂವರೆಗೆ ಮುಗಿಯಿತು.

ರಾಣೆ ಟ್ಯಾಂಕಿನ ಕೆಳಗೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ‘ನಿಲ್ಲು, ಮುಂದೆ ಹೋಗು’ ಎಂದು ಸೂಚನೆ ಕೊಟ್ಟರು ಎಂಬ ಕಥೆ ಪ್ರಸಿದ್ಧ. ಪದಕದ ವಿವರಣೆಯಲ್ಲಿ ಅದು ಬರುವುದಿಲ್ಲ. ಆದರೆ ಕಥೆಯ ಒಳಗಿನ ಸಮಸ್ಯೆ ನಿಜವಾದದ್ದೇ. ಮುಚ್ಚಳ ಹಾಕಿದ ಟ್ಯಾಂಕಿನ ಚಾಲಕನಿಗೆ ತನ್ನ ಪಟ್ಟಿಯ ಮುಂದಿನ ನೆಲ ಕಾಣುವುದಿಲ್ಲ, ಹೊರಗಿನವನ ಕೂಗು ಕೇಳುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದಕ್ಕಾಗಿಯೇ ಕೆಲವು ಟ್ಯಾಂಕುಗಳ ಹಿಂಬದಿಗೆ ಟೆಲಿಫೋನ್ ಡಬ್ಬಿ ಜೋಡಿಸಿದ್ದರು. ಹೊರಗಿನ ಸೈನಿಕ ಅದನ್ನೆತ್ತಿ ಒಳಗಿನವರ ಜೊತೆ ಮಾತಾಡಬಹುದಿತ್ತು.

10ರಂದು ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕೆ ಇಳಿದವು, ಮಧ್ಯಾಹ್ನ ಎರಡಕ್ಕೆ ರಜೌರಿ ದಾರಿಯ ಚಿಂಗಸ್ ಊರು ತಲುಪಿದವು. ಟ್ಯಾಂಕುಗಳಿಗೆ ಇನ್ನು ರಸ್ತೆ ಬೇಡ. ಆದರೂ ರಾಣೆ ಊಟ, ವಿಶ್ರಾಂತಿ ಇಲ್ಲದೆ ರಾತ್ರಿ ಒಂಬತ್ತರವರೆಗೆ ಅದೇ ರಸ್ತೆ ಬಿಡಿಸಿದರು. ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಶುರು. ಸುಮ್ನೆ ಹಟವೇ? ಅಲ್ಲ. ಹಿಂದಿನಿಂದ ಲಾರಿಗಳು ಬರಬೇಕಿತ್ತು. ಪೆಟ್ರೋಲ್, ಮದ್ದುಗುಂಡು, ಊಟ ಮುಂದೆ ಹೋಗಬೇಕಿತ್ತು. ಗಾಯಗೊಂಡವರು ಹಿಂದಕ್ಕೆ ಬರಬೇಕಿತ್ತು. ಲಾರಿ ನದಿಪಾತ್ರಕ್ಕೆ ಇಳಿಯುವುದಿಲ್ಲ.

ಈ ಕೊನೆಯ ಭಾಗದ ಬೆಲೆ ತಿಳಿಯಬೇಕಾದರೆ ಬೇರೆ ಎರಡು ಊರುಗಳನ್ನು ನೋಡಬೇಕು.

ಒಂದು ಡೋಗ್ರಾಯಿ. ಲಾಹೋರಿನ ಹತ್ತಿರ, ಇಚ್ಛೋಗಿಲ್ ಕಾಲುವೆಯ ದಂಡೆಯ ಹಳ್ಳಿ. 1965ರ ಸೆಪ್ಟೆಂಬರ್ 6ರಂದೇ ಲೆಫ್ಟಿನೆಂಟ್ ಕರ್ನಲ್ ಡೆಸ್ಮಂಡ್ ಹೇಡ್ ಅವರ 3ನೇ ಜಾಟ್ ಬೆಟಾಲಿಯನ್ ಅಲ್ಲಿಗೆ ತಲುಪಿತ್ತು. ಆದರೆ ಹಿಂದಿನಿಂದ ಬರಬೇಕಿದ್ದ ನೆರವು ಸಮಯಕ್ಕೆ ಬರಲಿಲ್ಲ. ಹಿಡಿದದ್ದನ್ನು ಬಿಟ್ಟು ಬರಬೇಕಾಯಿತು. ಎದುರಾಳಿ ಆಮೇಲೆ ಆ ಊರನ್ನು ಪೂರ್ತಿ ಭದ್ರ ಮಾಡಿಕೊಂಡ. ಅದೇ ಬೆಟಾಲಿಯನ್ ಸೆಪ್ಟೆಂಬರ್ 21ರ ರಾತ್ರಿ ಅದೇ ಊರಿಗೆ ಮತ್ತೆ ನುಗ್ಗಬೇಕಾಯಿತು. ಈ ಸಲ ಬಂಕರ್ ಬಂಕರಿಗೆ, ಮನೆ ಮನೆಗೆ, ಬಯೋನೆಟ್ಟಿನಲ್ಲಿ ಹೊಡೆದಾಡಿ ಗೆದ್ದರು. ತುಂಬ ಜನ ಸತ್ತರು. ಟ್ಯಾಂಕುಗಳು ಬಂದು ಸೇರಿಕೊಂಡದ್ದು ಬೆಳಗಿನ ಹೊತ್ತಿಗೆ. ಇದು ಆಗಿನ ಸಾಮಾನ್ಯ ಕ್ರಮ. ಕತ್ತಲೆಯೇ ಕಾಲಾಳುವಿನ ಮರೆ, ಆದ್ದರಿಂದ ನುಗ್ಗುವುದು ರಾತ್ರಿ. ಬೆಳಕಾದ ಮೇಲೆ ಎದುರಾಳಿಯ ಟ್ಯಾಂಕುಗಳು ಮರುದಾಳಿಗೆ ಬರುತ್ತವೆ, ಆಗ ನಮ್ಮ ಟ್ಯಾಂಕುಗಳು ಅಲ್ಲಿರಬೇಕು. ಊರು ಹಿಡಿದ ಮೇಲಿನ ಮೊದಲ ಕೆಲವು ಗಂಟೆಗಳು ಹಿಡಿಯುವುದಕ್ಕಿಂತ ಅಪಾಯದವು. ಸೈನಿಕರು ದಣಿದಿರುತ್ತಾರೆ, ಗುಂಡು ಮುಗಿದಿರುತ್ತದೆ, ಸುತ್ತಲಿನ ಪ್ರತಿ ಗೋಡೆಯ ಅಳತೆಯೂ ಎದುರಾಳಿಗೆ ಗೊತ್ತಿರುತ್ತದೆ.

ಇನ್ನೊಂದು ಜರ್ಪಾಲ್. 1971ರ ಡಿಸೆಂಬರ್ 15ರಂದು ಬಸಂತರ್ ನದಿಯ ಆಚೆಯ ಈ ಹಳ್ಳಿಯನ್ನು ಮೇಜರ್ ಹೋಶಿಯಾರ್ ಸಿಂಗ್ ಅವರ ಗ್ರೆನೇಡಿಯರ್ಸ್ ಕಂಪನಿ ಹಿಡಿಯಿತು. ನದಿಯ ಈಚೆಯಿಂದ ಅಲ್ಲಿಗೆ ನಡುವೆ ದಟ್ಟ ನೆಲಬಾಂಬ್ ಹೊಲ. ಕಾಲಾಳು ದಾಟಿ ಹೋದರು, ಟ್ಯಾಂಕುಗಳು ದಾಟಬೇಕಿತ್ತು. ಸ್ಯಾಪರ್‌ಗಳು ಅರ್ಧ ದಾರಿ ಬಿಡಿಸಿದ್ದರು, ಅಷ್ಟರಲ್ಲಿ ಪಾಕಿಸ್ತಾನಿ ಟ್ಯಾಂಕುಗಳ ಓಡಾಟ ಕಾಣಿಸುತ್ತಿದೆ ಎಂದು ಮುಂದಿನಿಂದ ಸುದ್ದಿ ಬಂತು. ನಮ್ಮ ಟ್ಯಾಂಕ್ ರೆಜಿಮೆಂಟ್ 17ನೇ ಪೂನಾ ಹಾರ್ಸ್ ಕಾಯಲಿಲ್ಲ, ಉಳಿದ ಅರ್ಧ ಬಾಂಬ್ ಹೊಲದಲ್ಲೇ ಟ್ಯಾಂಕ್ ನುಗ್ಗಿಸಿತು. ಮರುದಿನ ಬಂದ ಮರುದಾಳಿಯನ್ನು ತಡೆದದ್ದು ಹಾಗೆ ದಾಟಿ ಬಂದ ಟ್ಯಾಂಕುಗಳೇ. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತೀರಿಕೊಂಡದ್ದು ಆ ಹೋರಾಟದಲ್ಲಿ. ಆಗ ಅವರಿಗೆ 21 ವರ್ಷ. ಖೇತ್ರಪಾಲ್, ಹೋಶಿಯಾರ್ ಸಿಂಗ್ ಇಬ್ಬರಿಗೂ ಪರಮವೀರ ಚಕ್ರ ಬಂತು. ಆ ಅರ್ಧ ದಾರಿ ಬಿಡಿಸಿದ ಸ್ಯಾಪರ್‌ಗಳ ಹೆಸರು ಎಷ್ಟು ಜನರಿಗೆ ಗೊತ್ತು?

ದಾರಿ ಮಾಡುವವರ ಮೇಲೆ ಎಷ್ಟು ನಿಂತಿರುತ್ತದೆ ಎಂಬುದು 1948ರ ನವೆಂಬರ್ 1ರಂದು ಕಾಶ್ಮೀರದಿಂದ ಲಡಾಖಿಗೆ ಹೋಗುವ ಝೋಜಿಲಾ ಕಣಿವೆಯಲ್ಲಿ ಇನ್ನೂ ಚೆನ್ನಾಗಿ ಕಂಡಿತು. ಅಲ್ಲಿ ಮುಂಚೂಣಿಯ ಟ್ಯಾಂಕಿನಲ್ಲಿ ಕೂತು ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅಷ್ಟು ಎತ್ತರದ ಕಣಿವೆಗೆ ಟ್ಯಾಂಕ್ ಬರಬಹುದು ಎಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಕಳಚಿ, ಗುಟ್ಟಾಗಿ ಸಾಗಿಸಿ, ಮೇಲೆ ಹೋದ ಮೇಲೆ ಮತ್ತೆ ಜೋಡಿಸಿದ್ದರು. ಕಣಿವೆಯ ಕಾಲುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು.

ಈಗ ಟ್ಯಾಂಕಿನ ಮುಂಭಾಗಕ್ಕೇ ನೇಗಿಲು, ರೋಲರ್ ಜೋಡಿಸಿ ಬಾಂಬ್ ಹೊಲ ಉಳುವ ಯಂತ್ರಗಳಿವೆ. ಸ್ಫೋಟಕ ತುಂಬಿದ ಉದ್ದ ಕೊಳವೆಯನ್ನು ರಾಕೆಟ್ಟಿನಿಂದ ಎಸೆದು ಒಂದೇ ಸಲಕ್ಕೆ ದಾರಿ ಬಿಡಿಸುವ ವ್ಯವಸ್ಥೆಯೂ ಇದೆ. ಬಯಲಿನಲ್ಲಿ ಇವು ಚೆನ್ನಾಗಿ ನಡೆಯುತ್ತವೆ. ಘಟ್ಟದ ರಸ್ತೆಯಲ್ಲಿ, ಊರ ಓಣಿಯಲ್ಲಿ ಮನುಷ್ಯನೇ ಇಳಿಯಬೇಕು. ರಜೌರಿ ರಸ್ತೆಯ ಅಂಥ ಕೆಲಸ 1948ರ ಏಪ್ರಿಲ್ 11ರಂದು ಒಂದು ಹಂತಕ್ಕೆ ಬಂತು. ಬೆಳಗ್ಗೆ ಹನ್ನೊಂದಕ್ಕೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು. ರಾಣೆ ಅಂದು ರಾತ್ರಿ ಹತ್ತರವರೆಗೂ ಅದರ ಮುಂದಿನ ರಸ್ತೆ ಬಿಡಿಸುತ್ತಿದ್ದರು. 12ರಂದು ನಮ್ಮ ಸೈನ್ಯ ರಜೌರಿ ಸೇರಿತು.